ಬ್ರೌಸರ್ ಸ್ಲೋ, ಮೂಲೆಯಲ್ಲಿ ನೋಟಿಫಿಕೇಶನ್ ಕಾಟ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

"ಕ್ರೋಮ್ ಸಿಕ್ಕಾಪಟ್ಟೆ ಸ್ಲೋ ಆಗಿದೆ ಸಾರ್. ಜೊತೆಗೆ ಕೆಳಗಡೆ ಮೂಲೆಯಲ್ಲಿ ಏನೇನೋ ಬಾಕ್ಸ್ ಬರ್ತಾನೇ ಇರುತ್ತೆ. ವೈರಸ್ ಇರಬೇಕು, ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡಿ."

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಈ ದೂರು ಮಾಮೂಲಿ. ಇದಕ್ಕೆ ಫಾರ್ಮ್ಯಾಟ್ ಮಾಡಬೇಕಾಗಿ ಬರುವುದು ಬಹಳ ಕಡಿಮೆ. ಕೆಲವು ಸಲ ಫಾರ್ಮ್ಯಾಟ್ ಮಾಡಿದರೂ ಕಾಟ ತಪ್ಪುವುದಿಲ್ಲ. ಹೊಸ ವಿಂಡೋಸ್ ಮೇಲೆ ಹಳೆಯ ಗೂಗಲ್ ಖಾತೆಯಿಂದ ಲಾಗಿನ್ ಆದ ಕೂಡಲೇ ಅವೇ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಂಗಳು) ಮತ್ತೆ ಬಂದು ಕೂರುತ್ತವೆ.

ಆ ದೂರಿನಲ್ಲಿ ಒಂದಲ್ಲ, ಎರಡು ತೊಂದರೆಗಳಿವೆ. ಸ್ಲೋ ಆಗುವುದು ಒಂದು, ನೋಟಿಫಿಕೇಶನ್ ಬರುವುದು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಇರಲೂಬಹುದು. ಆದರೆ ಹೆಚ್ಚಿನ ಸಲ ಇರುವುದಿಲ್ಲ. ನಿಧಾನಕ್ಕೆ ಎಕ್ಸ್‌ಟೆನ್ಷನ್ ಕಾರಣವಾಗಿರುತ್ತದೆ. ನೋಟಿಫಿಕೇಶನ್‌ಗೆ ಯಾವತ್ತೋ ಯಾವುದೋ ವೆಬ್‌ಸೈಟ್‌ಗೆ ನಾವೇ ಒತ್ತಿದ 'ಅಲೋ' ಬಟನ್ ಕಾರಣವಾಗಿರುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡವರು ಎಲ್ಲ ಎಕ್ಸ್‌ಟೆನ್ಷನ್ ಕಿತ್ತು ಹಾಕುತ್ತಾರೆ. ನೋಟಿಫಿಕೇಶನ್ ಬರುತ್ತಲೇ ಇರುತ್ತದೆ. ಆಗ ವೈರಸ್ಸೇ ಇರಬೇಕು ಎಂದು ಗಾಬರಿ ಶುರು. ಅದಕ್ಕೇ ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಮೆನುಗಳ ಹೆಸರನ್ನು ಇಂಗ್ಲಿಷ್ ಕ್ರೋಮ್‌ನಲ್ಲಿ ಇರುವ ಹಾಗೆಯೇ ಕೊಟ್ಟಿದ್ದೇನೆ. ನಿಮ್ಮ ಕ್ರೋಮ್ ಕನ್ನಡದಲ್ಲಿದ್ದರೆ ಪದಗಳು ಬೇರೆ ಇರುತ್ತವೆ, ಜಾಗ ಅದೇ. ಎಡ್ಜ್, ಬ್ರೇವ್, ಒಪೆರಾ ಇವೆಲ್ಲ ಕ್ರೋಮ್‌ನ ಮೂಲವಾದ ಕ್ರೋಮಿಯಂ ಮೇಲೆಯೇ ಕಟ್ಟಿದವು. ಹಾಗಾಗಿ ಅಲ್ಲೂ ಸುಮಾರಾಗಿ ಇದೇ ದಾರಿ. ಫೈರ್‌ಫಾಕ್ಸ್ ಬೇರೆ ಇರುವ ಕಡೆ ಹೇಳುತ್ತೇನೆ.

ನೋಟಿಫಿಕೇಶನ್ ಕಳಿಸುತ್ತಿರುವವರು ಯಾರು?

ಬಾಕ್ಸ್ ಬಂದ ತಕ್ಷಣ ಮುಚ್ಚಬೇಡಿ. ಅದರ ಮಧ್ಯೆ ಕ್ಲಿಕ್ ಕೂಡ ಮಾಡಬೇಡಿ. ಸುಮ್ನೆ ಓದಿ. ವಿಂಡೋಸ್‌ನಲ್ಲಿ ಬಾಕ್ಸಿನ ಮೇಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಕಳಿಸಿದವರ ಹೆಸರು ಇರುತ್ತದೆ. 'ಗೂಗಲ್ ಕ್ರೋಮ್' ಎಂದು ಇದ್ದು, ಪಕ್ಕದಲ್ಲಿ ಒಂದು ವೆಬ್‌ಸೈಟ್ ವಿಳಾಸ ಇದ್ದರೆ ಅದು ಸೈಟ್ ಕಳಿಸಿದ್ದು. ಬ್ರೌಸರ್ ಹೆಸರಿದ್ದು, ವಿಳಾಸದ ಬದಲು ಯಾವುದೋ ಎಕ್ಸ್‌ಟೆನ್ಷನ್ ಹೆಸರು ಇದ್ದರೆ ಎಕ್ಸ್‌ಟೆನ್ಷನ್ ಕಳಿಸಿದ್ದು. ಬ್ರೌಸರ್ ಹೆಸರೇ ಇಲ್ಲ, ಬೇರೆ ಯಾವುದೋ ಪ್ರೋಗ್ರಾಂ ಹೆಸರಿದೆ ಎಂದರೆ ಅದು ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಆಗಿರುವ ಸಾಫ್ಟ್‌ವೇರ್. ಬ್ರೌಸರ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಜೊತೆ ಬರುವ ಟ್ರಯಲ್ ಆಂಟಿವೈರಸ್‌ಗಳು ಅವಧಿ ಮುಗಿದ ಮೇಲೆ ಹೀಗೆ ಪೀಡಿಸುವುದು ಉಂಟು. ಅವನ್ನು ವಿಂಡೋಸ್ ಸೆಟ್ಟಿಂಗ್ಸ್‌ನ 'ಆಪ್ಸ್' ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಬೇಕು.

ಇನ್ನೊಂದು ಬಗೆಯೂ ಇದೆ. ಬಾಕ್ಸ್ ವೆಬ್ ಪುಟದ ಒಳಗೇ ಇರುತ್ತದೆ, ಆ ಟ್ಯಾಬ್ ಮುಚ್ಚಿದರೆ ಮಾಯವಾಗುತ್ತದೆ. ಅದು ನೋಟಿಫಿಕೇಶನ್ ವೇಷದ ಜಾಹೀರಾತು. ಒಂದೇ ಸೈಟ್‌ನಲ್ಲಿ ಬಂದರೆ ಅದು ಆ ಸೈಟಿನದು. ಬ್ಯಾಂಕ್, ವಿಕಿಪೀಡಿಯ, ಸರ್ಕಾರಿ ಸೈಟ್ ಹೀಗೆ ಜಾಹೀರಾತೇ ಇರಬಾರದ ಕಡೆಯಲ್ಲೆಲ್ಲ ಬಂದರೆ, ಹೆಚ್ಚಿನ ಸಲ ಯಾವುದೋ ಎಕ್ಸ್‌ಟೆನ್ಷನ್ ಪುಟದೊಳಗೆ ಅದನ್ನು ತುರುಕುತ್ತಿದೆ ಎಂದು ಅರ್ಥ.

ಸೈಟಿನ ನೋಟಿಫಿಕೇಶನ್ ನಿಲ್ಲಿಸುವುದು ಸುಲಭ. ಸೆಟ್ಟಿಂಗ್ಸ್ ತೆರೆದು 'ಪ್ರೈವಸಿ ಅಂಡ್ ಸೆಕ್ಯುರಿಟಿ', ಅದರಲ್ಲಿ 'ಸೈಟ್ ಸೆಟ್ಟಿಂಗ್ಸ್', ಅದರಲ್ಲಿ 'ನೋಟಿಫಿಕೇಶನ್ಸ್'. ಕೆಳಗೆ ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಇರುತ್ತದೆ. ಈ ಪಟ್ಟಿಯನ್ನು ಮೊದಲ ಸಲ ನೋಡುವ ಹಲವರು ಬೆಚ್ಚಿಬೀಳುತ್ತಾರೆ. ಎಂದೂ ಕೇಳದ, ಅಕ್ಷರಗಳನ್ನು ಕಲಸಿ ಇಟ್ಟ ಹಾಗಿರುವ ಹೆಸರುಗಳು ಸಾಲಾಗಿ ಇರುತ್ತವೆ. ಪ್ರತಿಯೊಂದರ ಪಕ್ಕದ ಮೂರು ಚುಕ್ಕೆ ಒತ್ತಿದರೆ 'ಬ್ಲಾಕ್', 'ರಿಮೂವ್' ಎಂದು ಬರುತ್ತದೆ. ರಿಮೂವ್ ಮಾಡಿದರೆ ಮುಂದಿನ ಸಲ ಆ ಸೈಟ್ ಮತ್ತೆ ಅನುಮತಿ ಕೇಳಬಹುದು. ಬ್ಲಾಕ್ ಮಾಡಿದರೆ ಕೇಳುವ ಹಾಗೂ ಇಲ್ಲ. ಗೊತ್ತಿಲ್ಲದ ಸೈಟ್‌ಗಳಿಗೆ ಬ್ಲಾಕ್ ಒಳ್ಳೆಯದು.

ಎಡ್ಜ್‌ನಲ್ಲಿ ಈ ಪುಟದ ಜಾಗ ಆಗಾಗ ಬದಲಾಗುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ನೋಟಿಫಿಕೇಶನ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ 'ಪ್ರೈವಸಿ ಅಂಡ್ ಸೆಕ್ಯುರಿಟಿ' ಒಳಗೆ 'ಪರ್ಮಿಷನ್ಸ್' ಎಂಬ ಭಾಗದಲ್ಲಿದೆ.

ಹಿಸ್ಟರಿ ಅಳಿಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು. ಹಿಸ್ಟರಿ ಬೇರೆ, ಪರ್ಮಿಷನ್ ಬೇರೆ. ಒಮ್ಮೆ ಅಲೋ ಒತ್ತಿದ ಮೇಲೆ ಆ ಸೈಟ್ ತನ್ನದೊಂದು ಸಣ್ಣ ಪ್ರೋಗ್ರಾಂ ಅನ್ನು ಬ್ರೌಸರ್‌ನಲ್ಲಿ ಬಿಟ್ಟು ಹೋಗುತ್ತದೆ. ಇದಕ್ಕೆ ಸರ್ವಿಸ್ ವರ್ಕರ್ ಎನ್ನುತ್ತಾರೆ. ಸೈಟ್ ತೆರೆದಿರದಿದ್ದರೂ ಇದು ಸಂದೇಶ ಪಡೆಯುತ್ತದೆ. ಕ್ರೋಮ್ ಮುಚ್ಚಿದ ಮೇಲೂ ಬಾಕ್ಸ್ ಬರುತ್ತಿದ್ದರೆ ಸೆಟ್ಟಿಂಗ್ಸ್‌ನ 'ಸಿಸ್ಟಮ್' ಪುಟ ನೋಡಿ. ಕ್ರೋಮ್ ಮುಚ್ಚಿದಾಗಲೂ ಹಿನ್ನೆಲೆಯಲ್ಲಿ ಓಡಲು ಬಿಡುವ ಆಯ್ಕೆ ಮೊದಲಿಗೇ ಇರುತ್ತದೆ. ಅದನ್ನು ಆಫ್ ಮಾಡಿ.

ಈ ಅಲೋ ಒತ್ತುವುದು ಹೇಗೆ ಆಗುತ್ತದೆ? ಬಹಳ ಸಲ ಮೋಸದಿಂದ. 'ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ', 'ವಿಡಿಯೋ ನೋಡಲು ಅಲೋ ಒತ್ತಿ' ಎಂದು ಪುಟದಲ್ಲಿ ಬರೆದಿರುತ್ತಾರೆ. ನಿಜವಾದ ಕ್ಯಾಪ್ಚಾಗೂ ನೋಟಿಫಿಕೇಶನ್‌ನ ಅಲೋ ಬಟನ್‌ಗೂ ಸಂಬಂಧವೇ ಇಲ್ಲ. ಪುಕ್ಕಟೆ ಕ್ರಿಕೆಟ್ ಲೈವ್, ಸಿನಿಮಾ ಡೌನ್‌ಲೋಡ್ ಪುಟಗಳಲ್ಲಿ ಇದು ಜಾಸ್ತಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಅಧಿಕೃತ ಸೈಟ್ ತೆರೆದುಕೊಳ್ಳದೆ ಹೋದಾಗ ಅವಸರದಲ್ಲಿ ಬೇರೆ ಬೇರೆ ಲಿಂಕ್ ಒತ್ತುವವರೂ ಹೀಗೇ ಸಿಕ್ಕಿಬೀಳುತ್ತಾರೆ. ಫಲಿತಾಂಶಕ್ಕೆ ಕರ್‌ರಿಸಲ್ಟ್ಸ್ ಡಾಟ್ ಎನ್ಐಸಿ ಡಾಟ್ ಇನ್ ಇದೆ. ಅದು ಅಲೋ ಒತ್ತಿ ಎಂದು ಷರತ್ತು ಹಾಕುವುದಿಲ್ಲ.

ಬ್ರೌಸರ್ ಮಾಡುವವರಿಗೂ ಈ ಕಾಟ ಗೊತ್ತಾಗದೇ ಇರಲಿಲ್ಲ. ಕ್ರೋಮ್‌ಗೆ ಈ ಸೌಲಭ್ಯ ಬಂದದ್ದು 2015ರಲ್ಲಿ. ಐದು ವರ್ಷದೊಳಗೆ ಅದಕ್ಕೆ ಲಗಾಮು ಹಾಕಬೇಕಾಯಿತು. 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72, ನೀವು ಪುಟದಲ್ಲಿ ಏನನ್ನೂ ಒತ್ತುವ ಮೊದಲೇ ಅನುಮತಿ ಕೇಳುವುದನ್ನು ಅಡಗಿಸಿತು. ಅದರ ಮರುತಿಂಗಳು ಕ್ರೋಮ್ 80 ಕೂಡ ಸದ್ದಿಲ್ಲದೆ ಕೇಳುವ ವಿಧಾನ ತಂದಿತು. ಆದರೂ ಕಾಟ ಪೂರ್ತಿ ನಿಂತಿಲ್ಲ. ನನ್ನ ಸಲಹೆ: ಮೊದಲು ಹೇಳಿದ 'ನೋಟಿಫಿಕೇಶನ್ಸ್' ಸೆಟ್ಟಿಂಗ್ಸ್ ಪುಟದ ಮೇಲ್ಗಡೆ ಯಾವ ಸೈಟಿಗೂ ನೋಟಿಫಿಕೇಶನ್ ಬೇಡ ಎನ್ನುವ ಆಯ್ಕೆ ಒತ್ತಿಬಿಡಿ. ವಾಟ್ಸ್ಆ್ಯಪ್ ವೆಬ್, ಕ್ಯಾಲೆಂಡರ್, ಮೇಲ್ ಇವುಗಳಿಗೆ ಬೇಕಿದ್ದರೆ ಕೈಯಾರೆ ಸೇರಿಸಿಕೊಳ್ಳಬಹುದು. ಸುದ್ದಿ ಸೈಟ್ ಅನುಮತಿ ಕೇಳದಿದ್ದರೆ ಏನೂ ನಷ್ಟವಿಲ್ಲ, ಅಲ್ವಾ?

ನೋಟಿಫಿಕೇಶನ್‌ನಲ್ಲಿ 'ನಿಮ್ಮ ಕಂಪ್ಯೂಟರ್‌ಗೆ 5 ವೈರಸ್ ಬಂದಿದೆ' ಎಂದು ಹೆಸರಾಂತ ಆಂಟಿವೈರಸ್‌ನ ಚಿತ್ರದೊಂದಿಗೆ ಬಂದರೆ ನಂಬಬೇಡಿ. ವೆಬ್‌ಸೈಟ್‌ಗೆ ನಿಮ್ಮ ಡಿಸ್ಕ್ ಸ್ಕ್ಯಾನ್ ಮಾಡಲು ಬರುವುದಿಲ್ಲ. ಪರದೆ ತುಂಬಾ ಎಚ್ಚರಿಕೆ ಬಂದು, ಬೀಪ್ ಶಬ್ದದ ಜೊತೆ ಒಂದು ಫೋನ್ ನಂಬರ್ ತೋರಿಸಿದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಿಂದ ಕ್ರೋಮ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಟ್ಯಾಬ್ ಮರಳಿ ತರಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಈಗಾಗಲೇ ಫೋನ್ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಸ್ಲೋ ಆಗುವ ವಿಷಯ

ಮೊದಲು ಇದು ಎಕ್ಸ್‌ಟೆನ್ಷನ್‌ನಿಂದಲೇ ಆಗುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. 4 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟು ಎಕ್ಸ್‌ಟೆನ್ಷನ್ ಮೇಲೆ ಗೂಬೆ ಕೂರಿಸಿದರೆ ಪ್ರಯೋಜನವಿಲ್ಲ.

ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ನಿಧಾನವಾಗುತ್ತಿದ್ದ ಅದೇ ಪುಟವನ್ನು ಅಲ್ಲಿ ತೆರೆಯಿರಿ. ಎಕ್ಸ್‌ಟೆನ್ಷನ್‌ಗಳು ಅಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ, ನೀವೇ ಅನುಮತಿ ಕೊಟ್ಟಿದ್ದರೆ ಮಾತ್ರ ಓಡುತ್ತವೆ. ಅಲ್ಲೂ ಅಷ್ಟೇ ನಿಧಾನ ಎಂದರೆ ಎಕ್ಸ್‌ಟೆನ್ಷನ್ ಬಿಟ್ಟು ಬೇರೆ ಕಡೆ ನೋಡಿ: ಇಂಟರ್ನೆಟ್, ರ್‍ಯಾಮ್, ತುಂಬಿದ ಡಿಸ್ಕ್, ಹಿಂದೆ ಓಡುತ್ತಿರುವ ವಿಂಡೋಸ್ ಅಪ್‌ಡೇಟ್. ಎಲ್ಲ ಬಿಟ್ಟು ಆ ಸೈಟೇ ನಿಧಾನ ಇರಬಹುದು.

ಅಲ್ಲಿ ಸರಾಗವಾಗಿ ತೆರೆದುಕೊಂಡರೆ? ಎಕ್ಸ್‌ಟೆನ್ಷನ್ನೇ ಎಂದು ಕೂಡಲೇ ತೀರ್ಮಾನಿಸಬೇಡಿ. ಇನ್‌ಕಾಗ್ನಿಟೊದಲ್ಲಿ ಹಳೆಯ ಕುಕೀ, ಕ್ಯಾಶ್ (ಸೈಟ್‌ಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಮಾಹಿತಿ) ಕೂಡ ಇರುವುದಿಲ್ಲ. ಒಂದೇ ಒಂದು ಸೈಟ್ ತೊಂದರೆ ಕೊಡುತ್ತಿದ್ದರೆ ಆ ಸೈಟಿನ ಕುಕೀ ಅಳಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎಲ್ಲ ಸೈಟ್‌ಗಳೂ ಮಾಮೂಲಿ ಕಿಟಕಿಯಲ್ಲಿ ನಿಧಾನ, ಇನ್‌ಕಾಗ್ನಿಟೊದಲ್ಲಿ ಚುರುಕು ಎಂದಾಗ ಎಕ್ಸ್‌ಟೆನ್ಷನ್ ಮೇಲಿನ ಅನುಮಾನ ಗಟ್ಟಿ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಂದೇ 'ಹೆಲ್ಪ್' ಮೆನುವಿನಲ್ಲಿ 'ಟ್ರಬಲ್‌ಶೂಟ್ ಮೋಡ್' ಇದೆ. ಆಡ್-ಆನ್‌ಗಳನ್ನೆಲ್ಲ (ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿಗೆ ಇದೇ ಹೆಸರು) ಆಫ್ ಮಾಡಿಯೇ ಅದು ತೆರೆದುಕೊಳ್ಳುತ್ತದೆ.

ಈಗ ಬ್ರೌಸರ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ವಿಂಡೋಸ್‌ನದ್ದಲ್ಲ, ಬ್ರೌಸರ್‌ನದೇ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬರುತ್ತದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದೇ ಕೀ. 'ಸಿಪಿಯು' ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಬಳಸುವವರು ಮೇಲೆ ಬರುತ್ತಾರೆ. 'ಎಕ್ಸ್‌ಟೆನ್ಷನ್' ಎಂದು ಶುರುವಾಗುವ ಸಾಲು ನೀವು ಏನೂ ಮಾಡದೆ ಕೂತಾಗಲೂ ಮೇಲೇ ಇದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಆದರೆ ಇಲ್ಲಿ ಹಲವರು ಎಡವುತ್ತಾರೆ. ಎಕ್ಸ್‌ಟೆನ್ಷನ್‌ನ ಕೆಲಸ ಎರಡು ಜಾಗದಲ್ಲಿ ನಡೆಯುತ್ತದೆ. ಒಂದು ಭಾಗ ಹಿನ್ನೆಲೆಯಲ್ಲಿ, ಅದರದೇ ಹೆಸರಿನಲ್ಲಿ ಓಡುತ್ತದೆ. ಇನ್ನೊಂದು ಭಾಗ ನೀವು ತೆರೆಯುವ ಪ್ರತಿ ಪುಟದ ಒಳಗೆ ಸೇರಿಕೊಂಡು ಓಡುತ್ತದೆ. ಇದಕ್ಕೆ ಕಂಟೆಂಟ್ ಸ್ಕ್ರಿಪ್ಟ್ ಎನ್ನುತ್ತಾರೆ. ಇದರ ಖರ್ಚು ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಟೆನ್ಷನ್ ಹೆಸರಿಗೆ ಬೀಳುವುದಿಲ್ಲ, ಆ ಟ್ಯಾಬ್‌ನ ಹೆಸರಿಗೆ ಬೀಳುತ್ತದೆ. ಹಾಗಾಗಿ ಪಟ್ಟಿಯಲ್ಲಿ ಎಕ್ಸ್‌ಟೆನ್ಷನ್‌ಗಳೆಲ್ಲ ಸಾಚಾಗಳ ಹಾಗೆ ಕಾಣುತ್ತವೆ, ಟ್ಯಾಬ್‌ಗಳು ಮಾತ್ರ ಭಾರವಾಗಿರುತ್ತವೆ. ಬರೀ ಪಠ್ಯ ಇರುವ ಸಾದಾ ಪುಟ ಕೂಡ ಸಿಪಿಯು ತಿನ್ನುತ್ತಿದ್ದರೆ, ಒಳಗೆ ಯಾರೋ ಕೂತಿದ್ದಾರೆ ಎಂದು ತಿಳಿಯಿರಿ. ಇಂಥವರನ್ನು ಟಾಸ್ಕ್ ಮ್ಯಾನೇಜರ್ ಹಿಡಿದುಕೊಡುವುದಿಲ್ಲ. ಆಫ್ ಮಾಡಿ ನೋಡುವುದೊಂದೇ ದಾರಿ.

ಅರ್ಧರ್ಧ ಆಫ್ ಮಾಡುವ ವಿಧಾನ

ಮೂರು ಚುಕ್ಕೆ ಮೆನುವಿನಲ್ಲಿ 'ಎಕ್ಸ್‌ಟೆನ್ಷನ್ಸ್', ಅದರೊಳಗೆ 'ಮ್ಯಾನೇಜ್ ಎಕ್ಸ್‌ಟೆನ್ಷನ್ಸ್'. ಮೇಲೆ ಕಾಣುವ ಐಕಾನ್‌ಗಳನ್ನು ಮಾತ್ರ ಲೆಕ್ಕ ಹಾಕಬೇಡಿ. ಹೆಚ್ಚಿನವು ಪಜಲ್ ತುಣುಕಿನ ಐಕಾನ್ ಹಿಂದೆ ಅಡಗಿರುತ್ತವೆ.

ಮನೆಯಲ್ಲಿ ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಏನು ಮಾಡುತ್ತಾನೆ? ಎಲ್ಲ ಸ್ವಿಚ್ ಆಫ್ ಮಾಡಿ ಒಂದೊಂದಾಗಿ ಹಾಕುತ್ತಾ ಬರುತ್ತಾನೆ. ಇಲ್ಲೂ ಮೊದಲು ಎಲ್ಲವನ್ನೂ ಆಫ್ ಮಾಡಿ. 'ರಿಮೂವ್' ಬೇಡ, ಸ್ವಿಚ್ ಮಾತ್ರ. ಬ್ರೌಸರ್ ಮುಚ್ಚಿ ತೆರೆಯಿರಿ. ಈಗ ಚುರುಕಾಯಿತೇ? ಹಾಗಿದ್ದರೆ ತಪ್ಪು ಇಲ್ಲೇ ಇದೆ. ಒಂದೊಂದಾಗಿ ಹಾಕುವ ಬದಲು ಅರ್ಧದಷ್ಟನ್ನು ಒಟ್ಟಿಗೆ ಆನ್ ಮಾಡಿ. ನಿಧಾನ ಮರಳಿದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಇನ್ನೊಂದು ಅರ್ಧದಲ್ಲಿ. ಆ ಗುಂಪನ್ನು ಮತ್ತೆ ಅರ್ಧ ಮಾಡಿ. ಹದಿನಾರು ಎಕ್ಸ್‌ಟೆನ್ಷನ್ ಇದ್ದರೂ ನಾಲ್ಕು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ.

ಪ್ರತಿ ಸುತ್ತಿನಲ್ಲೂ ಒಂದೇ ಪುಟದಿಂದ ಪರೀಕ್ಷೆ ಮಾಡಿ. ಬೇರೆ ಬೇರೆ ಪುಟ ತೆರೆದರೆ ಹೋಲಿಸಲು ಆಗುವುದಿಲ್ಲ. ಸ್ವಿಚ್ ಬದಲಿಸಿದ ಮೇಲೆ ತೆರೆದ ಟ್ಯಾಬ್‌ಗಳನ್ನು ರಿಫ್ರೆಶ್ ಮಾಡುವುದು ಕಡ್ಡಾಯ. ಈಗಾಗಲೇ ಪುಟದೊಳಗೆ ಸೇರಿಕೊಂಡ ಸ್ಕ್ರಿಪ್ಟ್ ಎಕ್ಸ್‌ಟೆನ್ಷನ್ ಆಫ್ ಮಾಡಿದ ಮೇಲೂ ಅಲ್ಲೇ ಉಳಿದಿರಬಹುದು.

ಅರ್ಧದಲ್ಲೂ ತೊಂದರೆ ಇಲ್ಲ, ಇನ್ನೊಂದು ಅರ್ಧದಲ್ಲೂ ಇಲ್ಲ, ಎಲ್ಲ ಸೇರಿದಾಗ ಮಾತ್ರ ತೊಂದರೆ ಎಂದಾದರೆ? ಎರಡು ಎಕ್ಸ್‌ಟೆನ್ಷನ್ ಜಗಳವಾಡುತ್ತಿವೆ. ಸಾಮಾನ್ಯವಾಗಿ ಎರಡು ಆಡ್‌ಬ್ಲಾಕರ್, ಅಂದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್. ಒಂದು ಸಾಲದು ಎಂದು ಎರಡು ಹಾಕಿರುತ್ತಾರೆ. ಒಂದೇ ಜಾಹೀರಾತಿನ ಮೇಲೆ ಎರಡೂ ಬೀಳುತ್ತವೆ, ಪುಟ ಒದ್ದಾಡುತ್ತದೆ. ಒಂದನ್ನು ತೆಗೆಯಿರಿ.

ಕಚೇರಿಯ ಕಂಪ್ಯೂಟರ್‌ನಲ್ಲಿ ಡಿಜಿಟಲ್ ಸಹಿಗೆ ಹಾಕಿದ ಎಕ್ಸ್‌ಟೆನ್ಷನ್ ಇದ್ದರೆ ತೆಗೆಯುವ ಮೊದಲು ಕೇಳಿಕೊಳ್ಳಿ. ಟೆಂಡರ್ ಸಲ್ಲಿಸುವ ಕೊನೆಯ ದಿನ ಅದು ಇಲ್ಲ ಎಂದು ಗೊತ್ತಾದರೆ ಗೋಳು ಹೇಳತೀರದು.

ಯಾರ ಮೇಲೆ ಮೊದಲು ಅನುಮಾನ ಪಡಬೇಕು?

ಟೈಪ್ ಮಾಡುವಾಗ ಅಕ್ಷರ ತಡವಾಗಿ ಮೂಡುತ್ತಿದ್ದರೆ, ಟೈಪ್ ಮಾಡುವ ಜಾಗದಲ್ಲೇ ಕೆಲಸ ಮಾಡುವವರನ್ನು ಹಿಡಿಯಿರಿ: ಗ್ರಾಮರ್ ತಿದ್ದುವವು, ಅನುವಾದ ಮಾಡುವವು, ಪಾಸ್‌ವರ್ಡ್ ತುಂಬುವವು. ಕನ್ನಡ ಟೈಪಿಂಗ್‌ಗೆ ಎಂದು ಹಾಕಿದ ಎಕ್ಸ್‌ಟೆನ್ಷನ್ ಕೂಡ ಈ ಸಾಲಿನದೇ. ಅದು ಇವತ್ತಿಗೆ ಅಷ್ಟು ಅಗತ್ಯವೂ ಇಲ್ಲ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿ ಅದನ್ನು ಆರಿಸಿಕೊಂಡರೆ ಬ್ರೌಸರ್ ಮಾತ್ರವಲ್ಲ, ವರ್ಡ್‌ನಲ್ಲೂ ಕನ್ನಡ ಬರುತ್ತದೆ.

ಸಿಪಿಯು ಆರಾಮಾಗಿದೆ, ರ್‍ಯಾಮ್ ಕೂಡ ಇದೆ, ಆದರೂ ಪುಟಗಳು ಎಳೆದಾಡುತ್ತವೆ ಎಂದರೆ ಪುಕ್ಕಟೆ ವಿಪಿಎನ್ ಅಥವಾ ಪ್ರಾಕ್ಸಿ ಎಕ್ಸ್‌ಟೆನ್ಷನ್ ಇದೆಯೇ ನೋಡಿ. ಅದು ನಿಮ್ಮ ಎಲ್ಲ ಪುಟಗಳನ್ನೂ ಎಲ್ಲೋ ದೂರದ ಸರ್ವರ್ ಸುತ್ತಿಸಿ ತರುತ್ತದೆ. ನಿಧಾನವಾಗುವುದು ಸಹಜ. ನಿಮ್ಮ ಓಡಾಟವೆಲ್ಲ ಅವರ ಕಣ್ಣ ಮುಂದೆ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಚಿಂತೆ.

ಹೊಸ ಟ್ಯಾಬ್‌ನಲ್ಲಿ ಹವಾಮಾನ, ವಾಲ್‌ಪೇಪರ್, ಗಡಿಯಾರ ತೋರಿಸುವವುಗಳ ಜೊತೆಗೆ ಸರ್ಚ್ ಬದಲಾಯಿಸುವ ಚಟ ಹಲವು ಸಲ ಅಂಟಿಕೊಂಡಿರುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ವಿಳಾಸದ ಜಾಗದಲ್ಲಿ ಒಂದು ಕ್ಷಣ ಬೇರೇನೋ ಮಿಂಚಿ, ಕೊನೆಗೆ ಯಾಹೂ ಪುಟ ತೆರೆಯುತ್ತದೆ. ಹೀಗಾದರೆ ಪರೀಕ್ಷೆಯೇ ಬೇಡ, ಅದನ್ನು ನೇರವಾಗಿ ತೆಗೆಯಿರಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಹಳೆಯ, ಒಳ್ಳೆಯ ಹೆಸರಿನ ಎಕ್ಸ್‌ಟೆನ್ಷನ್‌ಗಳು. 'ದಿ ಗ್ರೇಟ್ ಸಸ್ಪೆಂಡರ್' ಎಂಬುದೊಂದಿತ್ತು. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ರ್‍ಯಾಮ್ ಉಳಿಸುತ್ತಿತ್ತು. ಬ್ರೌಸರ್ ಸ್ಲೋ ಆಗಬಾರದು ಎಂದೇ ಲಕ್ಷಾಂತರ ಜನ ಅದನ್ನು ಹಾಕಿಕೊಂಡಿದ್ದರು. ಅದು ಕೆಲಸವನ್ನೂ ಚೆನ್ನಾಗಿ ಮಾಡುತ್ತಿತ್ತು. 2020ರಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. ಹೊಸ ಮಾಲೀಕರ ಅಪ್‌ಡೇಟ್‌ನಲ್ಲಿ ಅನುಮಾನದ ಕೋಡ್ ಬಂತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಎಕ್ಸ್‌ಟೆನ್ಷನ್‌ಗಳ ಅಂಗಡಿಯಾದ ಕ್ರೋಮ್ ವೆಬ್ ಸ್ಟೋರ್‌ನಿಂದ ತೆಗೆದು, ಬಳಸುವವರ ಕಂಪ್ಯೂಟರ್‌ಗಳಲ್ಲೂ ಆಫ್ ಮಾಡಿತು. ಬಳಸುತ್ತಿದ್ದವರು ಹೊಸದಾಗಿ ಏನನ್ನೂ ಹಾಕಿಕೊಂಡಿರಲಿಲ್ಲ. ಅಪ್‌ಡೇಟ್ ತಾನಾಗಿಯೇ ಬಂದಿತ್ತು.

ಮಾರದೆಯೂ ಹೀಗಾಗಬಹುದು. 2024ರ ಕ್ರಿಸ್‌ಮಸ್ ಹೊತ್ತಿಗೆ ಹ್ಯಾಕರ್‌ಗಳು ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸಿಬ್ಬಂದಿಯನ್ನೇ ನಕಲಿ ಮೇಲ್‌ನಿಂದ ಬಲೆಗೆ ಕೆಡವಿ, ಅವರ ಎಕ್ಸ್‌ಟೆನ್ಷನ್‌ನ ಹೆಸರಿನಲ್ಲೇ ಕೆಟ್ಟ ಆವೃತ್ತಿಯನ್ನು ಅಂಗಡಿಗೆ ಹಾಕಿದರು. ಹಾಗಾಗಿ 'ನಾನು ಈಚೆಗೆ ಏನೂ ಇನ್‌ಸ್ಟಾಲ್ ಮಾಡಿಲ್ಲ' ಎಂಬ ಮಾತು ಎಕ್ಸ್‌ಟೆನ್ಷನ್‌ಗಳ ವಿಷಯದಲ್ಲಿ ಯಾರನ್ನೂ ಪಾರು ಮಾಡುವುದಿಲ್ಲ.

ಇದಕ್ಕೆ ಪರಿಹಾರ ಪರ್ಮಿಷನ್ ಕಡಿಮೆ ಮಾಡುವುದು. ಎಕ್ಸ್‌ಟೆನ್ಷನ್‌ನ 'ಡೀಟೇಲ್ಸ್' ಪುಟದಲ್ಲಿ 'ಸೈಟ್ ಆಕ್ಸೆಸ್' ಎಂದು ಇರುತ್ತದೆ. ಹೆಚ್ಚಿನವು ಎಲ್ಲ ಸೈಟ್‌ಗಳಲ್ಲಿ ಓದಲು, ಬದಲಿಸಲು ಅನುಮತಿ ಪಡೆದಿರುತ್ತವೆ. ಸ್ಕ್ರೀನ್‌ಶಾಟ್ ತೆಗೆಯುವುದಕ್ಕೆ ನಿಮ್ಮ ಬ್ಯಾಂಕ್ ಪುಟದಲ್ಲಿ ಸದಾ ಏನು ಕೆಲಸ? ಅದನ್ನು 'ಆನ್ ಕ್ಲಿಕ್' ಎಂದು ಬದಲಿಸಿ. ಐಕಾನ್ ಒತ್ತಿದಾಗ ಮಾತ್ರ ಅದು ಪುಟದೊಳಗೆ ಬರುತ್ತದೆ. ಸುರಕ್ಷತೆಯ ಜೊತೆಗೆ ವೇಗವೂ ಸುಧಾರಿಸುತ್ತದೆ, ಯಾಕೆಂದರೆ ಪ್ರತಿ ಪುಟಕ್ಕೂ ಸ್ಕ್ರಿಪ್ಟ್ ಹಾಕುವ ಕೆಲಸವೇ ತಪ್ಪಿತು. ಟ್ಯಾಬ್ ಮಲಗಿಸಲು ಈಗ ಎಕ್ಸ್‌ಟೆನ್ಷನ್ನೇ ಬೇಡ. ಕ್ರೋಮ್‌ನ 'ಪರ್ಫಾರ್ಮೆನ್ಸ್' ಸೆಟ್ಟಿಂಗ್ಸ್‌ನಲ್ಲಿ 'ಮೆಮೊರಿ ಸೇವರ್' ಇದೆ.

ಕೆಲವರ ದೂರು ತಿರುಗುಮುರುಗು. ಏನೂ ಹಾಕಿಲ್ಲ, ಆದರೂ ಈಚೆಗೆ ಪುಟಗಳು ಭಾರವಾಗಿವೆ. ಅವರು ಆಡ್‌ಬ್ಲಾಕರ್ ಇನ್ನೂ ಇದೆಯೇ ಎಂದು ನೋಡಬೇಕು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮ ಬದಲಿಸಿ 2024 ಮತ್ತು 2025ರಲ್ಲಿ ಹಳೆಯ ಮಾದರಿಯವನ್ನು ಹಂತಹಂತವಾಗಿ ಆಫ್ ಮಾಡಿತು. ಯುಬ್ಲಾಕ್ ಒರಿಜಿನ್ ಎಂಬ ಹೆಸರಾಂತ ಆಡ್‌ಬ್ಲಾಕರ್ ಕೂಡ ಹೀಗೆ ಹೋಯಿತು. ಆಡ್‌ಬ್ಲಾಕರ್ ಇಲ್ಲದಿದ್ದರೆ ಎಲ್ಲ ಜಾಹೀರಾತೂ ಬಂದು ಪುಟ ಭಾರವಾಗುವುದು ಸಹಜ. ಅದರ ಬದಲಿಗೆ ಅದನ್ನು ಮಾಡಿದವರದೇ ಯುಬ್ಲಾಕ್ ಒರಿಜಿನ್ ಲೈಟ್ ಇದೆ. ಫೈರ್‌ಫಾಕ್ಸ್‌ನಲ್ಲಿ ಹಳೆಯದೇ ನಡೆಯುತ್ತದೆ. ಹುಡುಕುವಾಗ ಹೆಸರು ಹೋಲುವ ನಕಲಿಗಳೂ ಸಿಗುತ್ತವೆ. ಮಾಡಿದವರ ಹೆಸರು ನೋಡಿಯೇ ಹಾಕಿ.

ತೆಗೆದರೂ ಮತ್ತೆ ಬರುತ್ತಿದೆ

ಸುಲಭದ ಕಾರಣ ಸಿಂಕ್, ಅಂದರೆ ಒಂದೇ ಖಾತೆಯ ಎಲ್ಲ ಸಾಧನಗಳಲ್ಲೂ ಬ್ರೌಸರ್ ಒಂದೇ ಥರ ಇರುವ ಹಾಗೆ ಮಾಡುವ ಸೌಲಭ್ಯ. ಅದೇ ಖಾತೆ ಇನ್ನೊಂದು ಕಂಪ್ಯೂಟರ್‌ನಲ್ಲಿ, ಉದಾಹರಣೆಗೆ ಆಫೀಸಿನಲ್ಲಿ, ಲಾಗಿನ್ ಆಗಿದ್ದರೆ ಎಕ್ಸ್‌ಟೆನ್ಷನ್ ಅಲ್ಲಿಂದ ಮರಳಿ ಬರಬಹುದು. ಸಿಂಕ್ ನಿಲ್ಲಿಸಿ, ಎರಡೂ ಕಡೆ ತೆಗೆದು, ಆಮೇಲೆ ಸಿಂಕ್ ಹಾಕಿ. ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ಮರೆತು ಬಂದಿದ್ದರೂ ಹೀಗಾಗುತ್ತದೆ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯಾವ ಯಾವ ಸಾಧನದಲ್ಲಿ ಲಾಗಿನ್ ಆಗಿದ್ದೀರಿ ಎಂದು ಕಾಣುತ್ತದೆ. ಬೇಡದ್ದನ್ನು ಅಲ್ಲಿಂದಲೇ ಸೈನ್ ಔಟ್ ಮಾಡಿ.

ಎರಡನೆಯದು ಕಂಪ್ಯೂಟರ್‌ನಲ್ಲಿರುವ ಯಾವುದೋ ಪ್ರೋಗ್ರಾಂ ಅದನ್ನು ಪುನಃ ತುರುಕುತ್ತಿರುವುದು. ಕಾಟ ಶುರುವಾದ ಸಮಯದಲ್ಲಿ ಏನು ಇನ್‌ಸ್ಟಾಲ್ ಆಗಿದೆ ಎಂದು ವಿಂಡೋಸ್‌ನ ಆಪ್ಸ್ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ. ಕ್ರ್ಯಾಕ್ ಸಾಫ್ಟ್‌ವೇರ್, ಪುಕ್ಕಟೆ ಪಿಡಿಎಫ್ ಕನ್ವರ್ಟರ್, ಡ್ರೈವರ್ ಅಪ್‌ಡೇಟರ್ ಮೇಲೆ ಮೊದಲ ಕಣ್ಣು.

ಮೂರನೆಯದು ತುಸು ಮೊಂಡು. 'ರಿಮೂವ್' ಬಟನ್ನೇ ಇರುವುದಿಲ್ಲ. ಮೆನುವಿನ ಕೊನೆಯಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಎಂದು ಬಂದಿರುತ್ತದೆ. ಆಫೀಸಿನ ಕಂಪ್ಯೂಟರ್ ಆದರೆ ಇದು ಸಹಜ, ಐಟಿ ವಿಭಾಗದವರನ್ನು ಕೇಳಿ. ಮನೆಯ ಕಂಪ್ಯೂಟರ್‌ನಲ್ಲಿ ಬಂದರೆ ಅನುಮಾನಿಸಬೇಕು. ಕೆಲವು ಆಂಟಿವೈರಸ್‌ಗಳಿಂದಲೂ ಈ ಸಾಲು ಬರುತ್ತದೆ, ಅದನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಕಂಪನಿಗಳಿಗೆಂದು ಇರುವ ಪಾಲಿಸಿ ಸೌಲಭ್ಯವನ್ನು ಕೆಟ್ಟ ಸಾಫ್ಟ್‌ವೇರ್‌ಗಳು ಬಳಸಿಕೊಂಡು, ಎಕ್ಸ್‌ಟೆನ್ಷನ್ ತೆಗೆಯಲು ಬಾರದ ಹಾಗೆ ಮಾಡುತ್ತವೆ.

ಹೀಗಾದರೆ ಮೊದಲು ಅದನ್ನು ತಂದ ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಕಂಪ್ಯೂಟರ್ ರಿಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ತೆರೆದಿಟ್ಟ ಕೆಲಸ ಸೇವ್ ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಸ್ವಚ್ಛ ಮಾಡುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಕ್ರೋಮ್‌ನಲ್ಲೇ ಇದ್ದ ಕ್ಲೀನಪ್ ಟೂಲ್ ಅನ್ನು ಗೂಗಲ್ 2023ರಲ್ಲಿ ತೆಗೆದುಹಾಕಿದೆ. ಹಳೆಯ ವಿಡಿಯೋ ನೋಡಿ ಅದನ್ನು ಹುಡುಕಬೇಡಿ.

ಇಷ್ಟಾದರೂ ಹೋಗದಿದ್ದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ದಾರಿಯಲ್ಲಿ ಹೋದರೆ 'ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ 32 ಅಕ್ಷರಗಳ ಒಂದು ಐಡಿ ಕಾಣುತ್ತದೆ. ಎಕ್ಸ್‌ಟೆನ್ಷನ್ ಪುಟದಲ್ಲಿ 'ಡೆವಲಪರ್ ಮೋಡ್' ಆನ್ ಮಾಡಿದರೆ ಪ್ರತಿಯೊಂದರ ಐಡಿ ಕಾಣುತ್ತದೆ. ಎರಡೂ ಹೊಂದಿದರೆ ಆ ಸಾಲನ್ನು ಅಳಿಸಿ ಬ್ರೌಸರ್ ಮುಚ್ಚಿ ತೆರೆಯಿರಿ. ರಿಜಿಸ್ಟ್ರಿಯಲ್ಲಿ ಕೈ ಪಳಗದವರು ಇದನ್ನು ತಾವೇ ಮಾಡಲು ಹೋಗಬೇಡಿ. ಗೊತ್ತಿದ್ದವರು ಕೂಡ ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಶಾರ್ಟ್‌ಕಟ್‌ನ 'ಪ್ರಾಪರ್ಟೀಸ್' ಕೂಡ ಒಮ್ಮೆ ನೋಡಿ. 'ಟಾರ್ಗೆಟ್' ಎಂಬಲ್ಲಿ ಕ್ರೋಮ್ ಹೆಸರಿನ ನಂತರ ಯಾವುದೋ ವೆಬ್ ವಿಳಾಸ ಅಂಟಿಕೊಂಡಿದ್ದರೆ ಪ್ರತಿ ಸಲವೂ ಅದೇ ಪುಟ ತೆರೆಯುತ್ತದೆ. ಆ ಶಾರ್ಟ್‌ಕಟ್ ಅಳಿಸಿ ಹೊಸದು ಮಾಡಿಕೊಳ್ಳಿ.

ಹುಡುಕುವ ತಾಳ್ಮೆ ಇಲ್ಲದವರಿಗೆ ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್' ಇದೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ. ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ, ಆದರೆ ಅಳಿದು ಹೋಗುವುದಿಲ್ಲ. ಬೇಡದ್ದನ್ನು ಆಮೇಲೆ ಕೈಯಾರೆ ತೆಗೆಯಬೇಕು. ಫೈರ್‌ಫಾಕ್ಸ್‌ನ 'ರಿಫ್ರೆಶ್' ಆಡ್-ಆನ್‌ಗಳನ್ನು ತೆಗೆದೇ ಬಿಡುತ್ತದೆ.

ಮೊಬೈಲ್‌ನಲ್ಲಿ

ಆಂಡ್ರಾಯ್ಡ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ. ಅಲ್ಲಿ ಬರುವ ಕಾಟ ಸೈಟಿನ ನೋಟಿಫಿಕೇಶನ್, ಇಲ್ಲವೇ ಯಾವುದೋ ಆ್ಯಪ್. ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದರೆ ಯಾರು ಕಳಿಸಿದ್ದು ಎಂದು ಕಾಣುತ್ತದೆ, ಅಲ್ಲೇ ಆಫ್ ಮಾಡಬಹುದು. ಬ್ರೌಸರ್ ತೆರೆಯದೆ ಇರುವಾಗ ಪರದೆ ತುಂಬಾ ಜಾಹೀರಾತು ಬಂದರೆ ತಕ್ಷಣ ರೀಸೆಂಟ್ ಆ್ಯಪ್‌ಗಳ ಬಟನ್ ಒತ್ತಿ. ಜಾಹೀರಾತು ತೋರಿಸುತ್ತಿರುವ ಆ್ಯಪ್‌ನ ಐಕಾನ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಫೈರ್‌ಫಾಕ್ಸ್ ಆಂಡ್ರಾಯ್ಡ್‌ನಲ್ಲಿ ಆಡ್-ಆನ್ ಇವೆ. ಅಲ್ಲಿ ಮೇಲಿನ ಅರ್ಧರ್ಧ ವಿಧಾನವನ್ನೇ ಬಳಸಿ.

ಕಳ್ಳ ಸಿಕ್ಕ ಮೇಲೆ

ಸುಮ್ನೆ ನಿಧಾನ ಮಾಡುತ್ತಿದ್ದ ಎಕ್ಸ್‌ಟೆನ್ಷನ್ ಆದರೆ ತೆಗೆದರೆ ಕೆಲಸ ಮುಗಿಯಿತು. ಆದರೆ ಜಾಹೀರಾತು ತುರುಕುತ್ತಿದ್ದದ್ದು, ಸರ್ಚ್ ತಿರುಗಿಸುತ್ತಿದ್ದದ್ದು, ಗೂಗಲ್ ತಾನೇ ಅಪಾಯ ಎಂದು ಆಫ್ ಮಾಡಿದ್ದು ಇವುಗಳಲ್ಲಿ ಯಾವುದಾದರೂ ಆದರೆ ಅಷ್ಟು ಸಾಲದು. ಎಲ್ಲ ಸೈಟ್ ಓದಬಲ್ಲ ಎಕ್ಸ್‌ಟೆನ್ಷನ್, ನೀವು ಲಾಗಿನ್ ಆಗಿದ್ದೀರಿ ಎಂದು ಸೈಟಿಗೆ ತೋರಿಸುವ ಗುರುತನ್ನೇ ಕದ್ದಿರಬಹುದು. ಆ ಗುರುತು ಇದ್ದವರಿಗೆ ಪಾಸ್‌ವರ್ಡ್ ಬೇಕಿಲ್ಲ, ಒಟಿಪಿ ಕೂಡ ಬೇಕಿಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಿಸುವುದರ ಜೊತೆಗೆ 'ಎಲ್ಲ ಸಾಧನಗಳಿಂದ ಸೈನ್ ಔಟ್' ಮಾಡಬೇಕು. ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಮೇಲ್ ಮೊದಲು ಯಾಕೆಂದರೆ ಉಳಿದ ಹೆಚ್ಚಿನ ಖಾತೆಗಳ ಪಾಸ್‌ವರ್ಡ್ ರೀಸೆಟ್ ಲಿಂಕ್ ಅಲ್ಲಿಗೇ ಬರುತ್ತದೆ. ಇದನ್ನು ಸ್ವಚ್ಛ ಮಾಡಿದ ಬ್ರೌಸರ್‌ನಿಂದ ಅಥವಾ ಫೋನ್‌ನಿಂದ ಮಾಡಿ. ಎಕ್ಸ್‌ಟೆನ್ಷನ್ ಇನ್ನೂ ಇರುವಾಗ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಅವರ ಕೈಗೇ ಹೋಗುತ್ತದೆ.